ಒಲೆಯ ಬೂದಿಯಲ್ಲಿ ಉಳಿದ ಊರು
(ಬ್ಲ್ಯಾಕ್‌ಟೌನಿನಲ್ಲಿ ನಡೆದ ಸಂಘದ ಸ್ಥಾಪನಾ ದಿನೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸ್ಥಾಪನಾ ದಿನ ಎಂದಮೇಲೆ ನಾಡಿನ ಹಿರಿಮೆಯನ್ನು ನೆನೆಯುವುದು ನಮ್ಮ ರೂಢಿ. ಕದಂಬರು, ಚಾಲುಕ್ಯರು, ಹೊಯ್ಸಳರು, ವಿಜಯನಗರದ ಅರಸರು, ಇವರನ್ನೆಲ್ಲ ಪ್ರತಿವರ್ಷವೂ ಈ ವೇದಿಕೆ ನೆನೆಸಿಕೊಂಡಿದೆ. ಇವತ್ತು ತಮ್ಮ ಅಪ್ಪಣೆ ಪಡೆದು ನಾವು ಗುಡಿ ಕಟ್ಟದ, ಶಾಸನ ಬರೆಸದ, ಹೆಸರೇ ಉಳಿಯದ ಕೆಲವು ಜನರ ವಿಷಯ ಮಾತನಾಡುತ್ತೇವೆ. ಅವರು ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಗುಡ್ಡಗಳ ಮೇಲೆ ಸುಮಾರು ಕ್ರಿ.ಪೂ. 2000ದಿಂದ 1200ರ ತನಕ ಬಾಳಿದವರು. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450 ಎನ್ನುತ್ತಾರೆ. ಆ ಶಾಸನ ನಮ್ಮಿಂದ ಎಷ್ಟು ಹಿಂದಿದೆಯೋ, ಸಂಗನಕಲ್ಲಿನ ಹಳ್ಳಿ ಆ ಶಾಸನದಿಂದ ಅದಕ್ಕಿಂತಲೂ ಹಿಂದೆ ಇದೆ.

ಡಾಕ್ಟರಿಗೂ ಭೂಮಿ ಅಗೆಯುವ ವಿದ್ಯೆಗೂ ಏನು ನಂಟು ಎಂದು ಸಮಿತಿಯವರು ಫೋನಿನಲ್ಲಿ ಕೇಳಿದರು. ನಂಟು ಇದೆ. ನಾವು ಎಂಬಿಬಿಎಸ್ ಓದಿದ್ದು ಬಳ್ಳಾರಿಯಲ್ಲಿ. ಆಮೇಲೆ ಈ ದೇಶಕ್ಕೆ ಬಂದು ರೆಸಿಡೆನ್ಸಿ ಮಾಡಿದೆವು. ಎರಡೂ ಕಡೆ ನಮಗೆ ಮೊದಲು ಕಲಿಸಿದ್ದು ರೋಗಿಯ ಪೂರ್ವವೃತ್ತಾಂತ ಕೇಳುವುದನ್ನು. ಏನು ಊಟ ಮಾಡುತ್ತೀರಿ, ಏನು ಕೆಲಸ, ಮನೆಯಲ್ಲಿ ಎಷ್ಟು ಜನ, ಎಷ್ಟು ಮಕ್ಕಳಾದವು, ಎಷ್ಟು ಉಳಿದವು? ಪುರಾತತ್ವದವರು ಕೇಳುವುದೂ ಇವೇ ಪ್ರಶ್ನೆಗಳನ್ನು. ಅವರ ರೋಗಿ ಮಾತಾಡುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ. ಮಾತಾಡದ ರೋಗಿಯನ್ನು ನೋಡುವಾಗ ವೈದ್ಯ ಎಷ್ಟು ಎಚ್ಚರದಿಂದಿರಬೇಕೋ ಅಷ್ಟೇ ಎಚ್ಚರ ಅವರಿಗೂ ಬೇಕು.

ಗುಡ್ಡ ಮತ್ತು ಅಗೆತ

ಬಳ್ಳಾರಿ ಸೀಮೆಯನ್ನು ನೋಡಿದವರಿಗೆ ಗೊತ್ತು, ಎರೆಭೂಮಿಯ ಬಯಲಿನಲ್ಲಿ ಯಾರೋ ಬಂಡೆಗಳನ್ನು ತಂದು ಸುರಿದ ಹಾಗೆ ಗುಡ್ಡಗಳು ನಿಂತಿರುತ್ತವೆ. ಊರಿಂದ ನಾಲ್ಕಾರು ಮೈಲಿ ಹೋದರೆ ಸಂಗನಕಲ್ಲು, ಕಪ್ಪಗಲ್ಲು ಎಂಬ ಹಳ್ಳಿಗಳ ಮಧ್ಯೆ ಅಂಥದೇ ಗುಡ್ಡಗಳ ಗುಂಪು ಸಿಗುತ್ತದೆ. ಸಣ್ಣರಾಚಮ್ಮನ ಗುಡ್ಡ, ಹಿರೇಗುಡ್ಡ, ಚೌಡಮ್ಮನ ಗುಡ್ಡ ಎಂದೆಲ್ಲ ಹೆಸರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು 19ನೆಯ ಶತಮಾನದಲ್ಲೇ ಇಲ್ಲಿಯ ಕಲ್ಲಿನ ಆಯುಧಗಳನ್ನು ಗುರುತಿಸಿ ಬರೆದಿದ್ದರು. 1863ರಲ್ಲಿ ಮದರಾಸಿನ ಹತ್ತಿರ ಪಲ್ಲಾವರದಲ್ಲಿ ಶಿಲಾಯುಗದ ಕೊಡಲಿಯನ್ನು ಹೆಕ್ಕಿದವರು ಇವರೇ.

ಸಂಗನಕಲ್ಲಿನ ಅಗೆತ ಮೂರು ಸುತ್ತಾಗಿ ನಡೆಯಿತು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅವರು ಮೊದಲು ಅಗೆದರು. 1964-65ರಲ್ಲಿ ಝಡ್. ಡಿ. ಅನ್ಸಾರಿ ಮತ್ತು ನಮ್ಮ ಎಂ. ಎಸ್. ನಾಗರಾಜರಾವ್ ಅವರು ಅಗೆದರು. 1990ರ ದಶಕದ ಕೊನೆಯಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್, ಕೇಂಬ್ರಿಜ್‌ನಿಂದ ಬಂದ ನಿಕೋಲ್ ಬೊಯ್ವಿನ್ ಮೊದಲಾದವರು ಸೇರಿ ಹೊಸ ಬಗೆಯಲ್ಲಿ ಕೆಲಸ ಮಾಡಿದರು.

ನಾವು ಬಳ್ಳಾರಿಯಲ್ಲಿ ಓದುತ್ತಿದ್ದುದು ಈ ಮೂರನೆಯ ಸುತ್ತಿನ ಕಾಲದಲ್ಲಿ. ಭಾನುವಾರ ಗೆಳೆಯರು ಸೇರಿ ಸೈಕಲ್ಲಿನಲ್ಲಿ ಆ ಕಡೆ ಹೋದದ್ದುಂಟು. 'ಮಣ್ಣು ತೊಳಿಯೋರು ಬಂದಾರ' ಎಂದು ಹಳ್ಳಿಯವರು ನಗುತ್ತಿದ್ದರು. ಮಾತು ನಿಜವೇ. ಅಗೆದ ಮಣ್ಣನ್ನು ನೀರು ತುಂಬಿದ ಪಾತ್ರೆಗೆ ಹಾಕಿ ಕದಡುತ್ತಾರೆ. ಮಣ್ಣು ಕೆಳಗೆ ಕೂರುತ್ತದೆ, ಸುಟ್ಟು ಕರಿಯಾದ ಕಾಳು ಹಗುರವಾದ್ದರಿಂದ ಮೇಲೆ ತೇಲುತ್ತದೆ. ಅದನ್ನು ಸಣ್ಣ ಜರಡಿಯಲ್ಲಿ ಹಿಡಿದು, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಹಸಿ ಕಾಳು ಮಣ್ಣಿನಲ್ಲಿ ಕೊಳೆತು ಹೋಗುತ್ತದೆ. ಒಲೆಯಲ್ಲಿ ಬಿದ್ದು ಸುಟ್ಟ ಕಾಳು ನಾಲ್ಕು ಸಾವಿರ ವರ್ಷವಾದರೂ ಆಕಾರ ಕೆಡದೆ ಉಳಿಯುತ್ತದೆ. ಅಂದರೆ ಆ ಕಾಲದ ಗೃಹಿಣಿಯ ಕೈತಪ್ಪಿ ಒಲೆಗೆ ಬಿದ್ದ ನಾಲ್ಕು ಹುರುಳಿ ಕಾಳೇ ಇವತ್ತಿಗೆ ದಾಖಲೆ. ಆ ಕಾಳಿನಲ್ಲಿರುವ ಇಂಗಾಲವನ್ನು ಅಳೆದು ಅದು ಬೆಳೆದ ಕಾಲವನ್ನೂ ಹೇಳಬಹುದು. ಮರದ ಇದ್ದಿಲಿಗಿಂತ ಕಾಳು ಒಳ್ಳೆಯ ಸಾಕ್ಷಿ. ಮರ ನೂರು ವರ್ಷ ಬದುಕಿರಬಹುದು, ಹುರುಳಿ ಗಿಡ ಒಂದೇ ಮಳೆಗಾಲ ಬದುಕುತ್ತದೆ.

ಈ ಅಳತೆಯ ವಿದ್ಯೆ ಬರುವ ಮುಂಚೆ ದೊಡ್ಡವರಿಗೂ ಕಾಲ ತಿಳಿಯುವುದು ಕಷ್ಟವಿತ್ತು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದ ಮಾರ್ಟಿಮರ್ ವೀಲರ್ ಅವರು ಅಲ್ಲಿಯ ಕಲ್ಲುಕೊಡಲಿಯ ಜನರನ್ನು ಕ್ರಿ.ಪೂ. ಮೊದಲನೆಯ ಸಾವಿರ ವರ್ಷದ ಆರಂಭಕ್ಕೆ ಸೇರಿಸಿದರು. ಆಮೇಲೆ ಇಂಗಾಲದ ಲೆಕ್ಕ ಬಂದು ದಕ್ಷಿಣದ ಈ ಸಂಸ್ಕೃತಿ ಸಾವಿರ ವರ್ಷಕ್ಕೂ ಹೆಚ್ಚು ಹಿಂದೆ ಸರಿಯಿತು. ಅದರ ಅತ್ಯಂತ ಹಳೆಯ ನೆಲೆಗಳು ಈಗ ಕ್ರಿ.ಪೂ. 3000ದ ಸುಮಾರಿಗೆ ಹೋಗುತ್ತವೆ.

ದನ ಮತ್ತು ಬೂದಿ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಅಲ್ಲೊಂದು ಬೂದಿಯ ದಿಬ್ಬ ಇದೆ. ಇಂಥವು ಬಳ್ಳಾರಿ, ರಾಯಚೂರು ಸೀಮೆ ಮತ್ತು ಪಕ್ಕದ ಆಂಧ್ರ, ತೆಲಂಗಾಣಗಳಲ್ಲಿ ನೂರಕ್ಕೂ ಮೇಲ್ಪಟ್ಟು ಗುರುತಾಗಿವೆ. ಹಂಪಿಯ ಹತ್ತಿರ ನಿಂಬಾಪುರದಲ್ಲಿರುವುದನ್ನು ಜನ ವಾಲಿಯನ್ನು ಸುಟ್ಟ ಜಾಗವೆಂದು ನಂಬುತ್ತಾರೆ. ಹಿಂದಿನ ಪಂಡಿತರು ಕೆಲವರು ಜ್ವಾಲಾಮುಖಿಯ ಬೂದಿ ಎಂದರು, ಕೆಲವರು ಲೋಹ ಕರಗಿಸಿದ ಕಿಟ್ಟ ಎಂದರು. ಇದು ದನದ ಸಗಣಿ ಸುಟ್ಟ ಬೂದಿ ಎಂದು ಫೂಟ್ ಅವರು ಹೇಳಿದ್ದರು. 1950ರ ದಶಕದಲ್ಲಿ ರೇಮಂಡ್ ಆಲ್ಚಿನ್ ಅವರು ಇಂದಿನ ತೆಲಂಗಾಣದ ಉತ್ನೂರಿನಲ್ಲಿ ಅಗೆದಾಗ ಗೂಟಗಳ ಬೇಲಿ ಹಾಕಿದ ದೊಡ್ಡಿ ಸಿಕ್ಕಿತು, ದನಗಳ ಗೊರಸಿನ ಗುರುತೂ ಸಿಕ್ಕಿತು. 1960ರಲ್ಲಿ ಫ್ರೆಡ್ರಿಕ್ ಝಾಯ್ನರ್ ಅವರು ಬೂದಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಸಗಣಿಯೇ ಎಂದು ಖಚಿತಪಡಿಸಿದರು. ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ಅಗೆದಾಗ ದೊಡ್ಡಿಯ ಪಕ್ಕದಲ್ಲೇ ಜನ ವಾಸವಿದ್ದ ಜಾಗ, ಮಾಂಸ ಕಡಿದ ಜಾಗ, ಕಲ್ಲಿನ ಅಲಗು ಮಾಡಿದ ಜಾಗ ಎಲ್ಲ ಸಿಕ್ಕವು.

ಇಷ್ಟು ಸಗಣಿಯನ್ನು ಗೊಬ್ಬರಕ್ಕೆ ಬಳಸದೆ ರಾಶಿ ಹಾಕಿ ಯಾಕೆ ಸುಟ್ಟರು? ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಹಬ್ಬದ ಬೆಂಕಿಗಳ ಜೊತೆ ಹೋಲಿಸಿ ನೋಡಬಹುದೆಂದು ಆಲ್ಚಿನ್ ಅವರು ಸೂಚಿಸಿದರು. ಇದು ಹೋಲಿಕೆ, ರುಜುವಾತಲ್ಲ. ಆದರೆ ದನ ಅವರ ಸಂಪತ್ತೂ ಹೌದು, ಗೌರವವೂ ಹೌದು ಎಂಬುದರಲ್ಲಿ ಅನುಮಾನವಿಲ್ಲ. ಕಪ್ಪಗಲ್ಲಿನ ಕರಿಬಂಡೆಗಳ ಮೇಲೆ ಅವರು ಕುಟ್ಟಿ ಮೂಡಿಸಿದ ಚಿತ್ರಗಳಲ್ಲಿ ಉದ್ದ ಕೊಂಬಿನ, ಹಿಣಿಲಿನ ದನಗಳೇ ಹೆಚ್ಚು. ಅಲ್ಲಿಯ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ. ತಟ್ಟಿ ತಟ್ಟಿ ಸವೆದ ಗುಳಿಗಳೂ ಇವೆ. ಮಕ್ಕಳೇ, ರಜೆಯಲ್ಲಿ ಹೋದಾಗ ಅಲ್ಲಿಯವರನ್ನು ಕೇಳಿ ಆ ನಾದವನ್ನು ಕೇಳಿಬನ್ನಿ.

ಅಡುಗೆಮನೆ

ಇನ್ನು ಊಟದ ವಿಷಯ. ನೀರಲ್ಲಿ ತೇಲಿದ ಕಾಳುಗಳಲ್ಲಿ ಮುಖ್ಯವಾದವು ನಾಲ್ಕು: ಹುರುಳಿ, ಹೆಸರು, ಕೊರಲೆ, ಮತ್ತು ನವಣೆಯ ಕುಲಕ್ಕೆ ಸೇರಿದ ಒಂದು ಕಿರುಧಾನ್ಯ. ಗೋಧಿ, ಜವೆಗೋಧಿಗಳೂ ಸಿಕ್ಕಿವೆ, ಆದರೆ ಸ್ವಲ್ಪ. ಮೊದಲಿನ ನಾಲ್ಕು ಮಳೆಗಾಲದ ಬೆಳೆಗಳು, ನೀರು ಹಾಯಿಸುವ ಗೊಡವೆ ಇಲ್ಲ.

ಇದು ಯಾಕೆ ಮುಖ್ಯ ಎಂದು ತಿಳಿಯಲು ಮಧ್ಯ ಏಷ್ಯಾದ ಒಂದು ಹಳ್ಳಿಯನ್ನು ಪಕ್ಕಕ್ಕಿಟ್ಟು ನೋಡೋಣ. ತುರ್ಕಮೆನಿಸ್ತಾನದಲ್ಲಿ ಜೈತೂನ್ ಎಂಬ ಜಾಗವಿದೆ. ಸುಮಾರು ಕ್ರಿ.ಪೂ. 6000ದ ಹಳ್ಳಿ. ಮರುಭೂಮಿಯ ಅಂಚಿನಲ್ಲಿ ಒಂದೊಂದೇ ಕೋಣೆಯ ಸುಮಾರು ಮೂವತ್ತು ಮಣ್ಣಿನ ಮನೆಗಳು, ಮನೆಗೊಂದು ಒಲೆ. ರಷ್ಯದ ವಿದ್ವಾಂಸ ಮಸ್ಸೋನ್ ಅವರು ಅಗೆಸಿದರು. ಅಲ್ಲಿಯ ಜನ ತಿಂದದ್ದು ಗೋಧಿ, ಜವೆಗೋಧಿ. ಸಾಕಿದ್ದು ಆಡು, ಕುರಿ. ಇವು ಪಶ್ಚಿಮ ಏಷ್ಯಾದಲ್ಲಿ ಮೊದಲು ಪಳಗಿ ಆಮೇಲೆ ಅಲ್ಲಿಗೆ ಬಂದವು. ಬೇಸಾಯ ಎಂದರೆ ಎಲ್ಲ ಕಡೆಗೂ ಹೀಗೆ ಹೊರಗಿನಿಂದಲೇ ಹೋದದ್ದು ಎಂಬ ಭಾವನೆ ಬಹಳ ಕಾಲ ಇತ್ತು. ಫುಲ್ಲರ್, ಕೋರಿಶೆಟ್ಟರ್ ಮತ್ತು ಅವರ ಸಂಗಡಿಗರು ದಕ್ಷಿಣದ ಹಲವು ನೆಲೆಗಳ ಮಣ್ಣು ತೊಳೆದು ತೋರಿಸಿದ್ದು ಬೇರೆ. ಇಲ್ಲಿಯ ಮುಖ್ಯ ಬೆಳೆಗಳ ಕಾಡು ಮೂಲ ಈ ನೆಲದ ಕುರುಚಲು ಕಾಡಿನಲ್ಲೇ ಇದೆ. ದಖನ್ನಿನ ಹೆಂಗಸರು ಗಂಡಸರು ಯಾರ ಹತ್ತಿರವೂ ಬೀಜ ಸಾಲ ತರದೆ ಹುಲ್ಲನ್ನೂ ಬಳ್ಳಿಯನ್ನೂ ಪಳಗಿಸಿ ಬೆಳೆ ಮಾಡಿಕೊಂಡಿರುವ ಸಾಧ್ಯತೆ ಬಲವಾಗಿದೆ. ನಮ್ಮ ದೃಷ್ಟಿಯಲ್ಲಿ ಇದು ಯಾವ ದಿಗ್ವಿಜಯಕ್ಕೂ ಕಡಿಮೆಯದಲ್ಲ.

ವೈದ್ಯರಾಗಿ ಒಂದು ಮಾತು ಸೇರಿಸುತ್ತೇವೆ. ಧಾನ್ಯದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಹೆಚ್ಚು. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ಧಾನ್ಯದಲ್ಲಿ ಸಿಗುತ್ತದೆ. ಎರಡನ್ನೂ ಸೇರಿಸಿ ಉಂಡರೆ ಪ್ರೋಟೀನು ಪೂರ್ಣವಾಗುತ್ತದೆ. ಕೊರಲೆ ಅನ್ನಕ್ಕೆ ಹುರುಳಿ ಸಾರು, ಮುದ್ದೆಗೆ ಹೆಸರುಕಾಳು ಉಪ್ಸಾರು ಎಂದು ನಮ್ಮ ಅಜ್ಜಿಯರು ಜೋಡಿಸಿಟ್ಟಿದ್ದನ್ನು ನಾವು ಕಾಲೇಜಿನಲ್ಲಿ ಪುಸ್ತಕ ಓದಿ ಕಲಿತೆವು.

ಹಾಗೆಂದು 'ನಮ್ಮದು ಎಲ್ಲ ನಮ್ಮದೇ' ಎಂದು ಹೊರಟರೆ ಅದೇ ಮಣ್ಣು ಬೇರೆ ಮಾತು ಹೇಳುತ್ತದೆ. ಮುಂದಿನ ಶತಮಾನಗಳಲ್ಲಿ ಅವರೆ ಬಂತು. ಪೂರ್ವ ಭಾರತದ ಕಡೆಯಿಂದ ತೊಗರಿ ಬಂತು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಸಿಕ್ಕ ಸಜ್ಜೆ ಆಫ್ರಿಕಾದ ಬೆಳೆ. ನಮ್ಮ ರಾಗಿ, ಜೋಳಗಳ ತವರೂ ಆಫ್ರಿಕಾವೇ. ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ಕಾಲದಲ್ಲಿ, ಅಮೆರಿಕದಿಂದ. ರಾಗಿ ಮುದ್ದೆಯೂ ಒಂದು ಕಾಲದಲ್ಲಿ ನಮ್ಮ ಹಾಗೇ ವಲಸೆ ಬಂದು ಊರಿನದಾಯಿತು ಎಂದರೆ ಈ ಸಭೆಯಲ್ಲಿ ಯಾರೂ ಬೇಸರ ಮಾಡಿಕೊಳ್ಳಲಿಕ್ಕಿಲ್ಲ.

ಈ ಅಡುಗೆಗೆ ಬೇಕಾದ ದುಡಿಮೆಯ ಗುರುತೂ ಗುಡ್ಡದ ಮೇಲಿದೆ. ಅರೆಯುವ ಕಲ್ಲುಗಳು, ಬಂಡೆಯ ಮೈಮೇಲೆಯೇ ಸವೆದು ಆದ ತಗ್ಗುಗಳು ಅಲ್ಲಿವೆ. ಸಿರಿಯಾ ದೇಶದ ಅಬು ಹುರೈರಾ ಎಂಬ ಪ್ರಾಚೀನ ಹಳ್ಳಿಯ ಅಸ್ಥಿಗಳನ್ನು ಥೀಯಾ ಮೊಲ್ಲೆಸನ್ ಎಂಬ ವಿದುಷಿ ಪರೀಕ್ಷಿಸಿದಾಗ ಹೆಂಗಸರ ಕಾಲಬೆರಳು, ಮೊಣಕಾಲು, ಸೊಂಟಗಳಲ್ಲಿ ಸವೆತ ಕಂಡಿತು. ದಿನಕ್ಕೆ ಎಷ್ಟೋ ಹೊತ್ತು ಮಂಡಿಯೂರಿ ಕುಳಿತು ಕಾಳು ಅರೆದುದರ ಫಲ ಅದು. ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರನ್ನು ಕಂಡವರು ಈ ಸಭೆಯಲ್ಲೂ ಇದ್ದಾರೆ. ನಾಗರಿಕತೆಯ ಲೆಕ್ಕ ಹಾಕುವಾಗ ಆ ಸೊಂಟನೋವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊಡಲಿಯ ಕಾರ್ಖಾನೆ

ಹಿರೇಗುಡ್ಡದ ಗ್ರಾನೈಟಿನ ನಡುವೆ ಡಾಲರೈಟ್ ಎಂಬ ಕರಿಕಲ್ಲಿನ ಪಟ್ಟೆಯೊಂದು ಹಾದುಹೋಗಿದೆ. ಗಟ್ಟಿ ಕಲ್ಲು, ಆದರೆ ಬಲ್ಲವರು ಹೊಡೆದರೆ ಹೇಳಿದಂತೆ ಸೀಳುತ್ತದೆ. ಸಂಗನಕಲ್ಲಿನವರು ಇದರಿಂದ ಕೊಡಲಿ ಮಾಡುತ್ತಿದ್ದರು. ಮೊದಲು ಗುಂಡು ಒಡೆಯುವುದು, ಚಕ್ಕೆ ಎಬ್ಬಿಸಿ ಆಕಾರಕ್ಕೆ ತರುವುದು, ಉಬ್ಬುತಗ್ಗುಗಳನ್ನು ಸಣ್ಣಗೆ ಕುಟ್ಟಿ ಸಮ ಮಾಡುವುದು, ಕಡೆಗೆ ಬಂಡೆಯ ಮೇಲೆ ಉಜ್ಜಿ ಬಾಯಿ ನುಣುಪು ಮಾಡುವುದು. ಗುಡ್ಡದ ಮೇಲೆ ಇಂದಿಗೂ ಚಕ್ಕೆಗಳ ರಾಶಿ ಬಿದ್ದಿದೆ. ಈ ರಾಶಿಯನ್ನು ಲೆಕ್ಕ ಹಾಕಿದವರು ಹೇಳುವುದು ಇಷ್ಟು: ಸುಮಾರು ಕ್ರಿ.ಪೂ. 1400ರಿಂದ 1200ರ ಅವಧಿಯಲ್ಲಿ ಇಲ್ಲಿ ತಯಾರಾದ ಕೊಡಲಿಗಳು ಒಂದು ಊರಿನ ಅಗತ್ಯಕ್ಕಿಂತ ಬಹಳ ಹೆಚ್ಚು. ಮಿಕ್ಕದ್ದು ಬೇರೆ ಊರುಗಳಿಗೆ ಹೋಯಿತು. ಅಂದರೆ ಕಸುಬು ಇತ್ತು, ಕಸುಬುದಾರರಿದ್ದರು, ಕೊಡು-ಕೊಳ್ಳುವ ನಂಟು ಇತ್ತು. ನಾಣ್ಯವಿರಲಿಲ್ಲ, ಅಕ್ಷರವಿರಲಿಲ್ಲ, ಮಾತಿನ ಮೇಲೆ ವ್ಯವಹಾರ.

ಮೆಲ್ಬರ್ನ್ ಮಿತ್ರರಿಗೆ ಇಲ್ಲೊಂದು ಸ್ವಾರಸ್ಯದ ವಿಷಯವಿದೆ. ತಮ್ಮ ಊರಿನ ಉತ್ತರಕ್ಕೆ ಲ್ಯಾನ್ಸ್‌ಫೀಲ್ಡ್ ಬಳಿ ಮೌಂಟ್ ವಿಲಿಯಂ ಎಂಬ ಗುಡ್ಡವಿದೆ. ಅದು ವುರುಂಜೆರಿ ಜನರ ಕೊಡಲಿ ಕಲ್ಲಿನ ಗಣಿ. ಅಲ್ಲಿಯ ಹಸಿರು ಕಲ್ಲಿನ ಕೊಡಲಿಗಳು ನೂರಾರು ಕಿಲೋಮೀಟರ್ ದೂರದ ತನಕ ಕೈಯಿಂದ ಕೈಗೆ ಹೋಗಿದ್ದವೆಂದು ಇಸಬೆಲ್ ಮಕ್‌ಬ್ರೈಡ್ ಅವರು ತೋರಿಸಿಕೊಟ್ಟರು. ಹಿರೇಗುಡ್ಡದ ಕೊಡಲಿ ಕೆಲಸವನ್ನು ಅಭ್ಯಾಸ ಮಾಡಿ 2007ರಲ್ಲಿ ಸಂಗಡಿಗರೊಂದಿಗೆ ಬರೆದ ಆಡಮ್ ಬ್ರಮ್ ಅವರೇ 2010ರಲ್ಲಿ ಮೌಂಟ್ ವಿಲಿಯಂ ಬಗ್ಗೆಯೂ ಬರೆದರು. ನಮ್ಮ ಬ್ಲ್ಯಾಕ್‌ಟೌನೂ ಹಿಂದೆ ಬಿದ್ದಿಲ್ಲ. ಇಲ್ಲೇ ಪ್ಲಂಪ್ಟನ್ ದಿಣ್ಣೆಯಲ್ಲಿ ದಾರುಗ್ ಜನ ಸಿಲ್‌ಕ್ರೀಟ್ ಎಂಬ ಗಡಸು ಕಲ್ಲನ್ನು ತೆಗೆದು ಅಲಗು ಮಾಡುತ್ತಿದ್ದರು. ದಿನವೂ ಕಾರಿನಲ್ಲಿ ಆ ಕಡೆ ಓಡಾಡುವ ನಮ್ಮ ಮಕ್ಕಳಿಗೆ ಅದನ್ನು ತೋರಿಸಿ, ಸಂಗನಕಲ್ಲಿನ ಕಥೆಯನ್ನೂ ಅದರ ಜೊತೆ ಹೇಳಬಹುದು.

ಮಕ್ಕಳ ಸಮಾಧಿ

ಬ್ರಹ್ಮಗಿರಿ, ತೆಕ್ಕಲಕೋಟೆ, ಹಳ್ಳೂರುಗಳಲ್ಲಿ ಅಗೆದವರಿಗೆಲ್ಲ ಪುಟ್ಟ ಮಕ್ಕಳ ಎಲುಬು ಇಟ್ಟ ಮಡಕೆಗಳು ಸಿಕ್ಕಿವೆ. ದೊಡ್ಡವರನ್ನು ಗುಂಡಿಯಲ್ಲಿ ಉದ್ದಕ್ಕೆ ಮಲಗಿಸಿ ಹೂಳುತ್ತಿದ್ದರು. ಹಸುಗೂಸುಗಳನ್ನು ಮಾತ್ರ ಮಡಕೆಯಲ್ಲಿಟ್ಟು ಮನೆಯ ಹತ್ತಿರವೇ, ಕೆಲವೊಮ್ಮೆ ಮನೆಯ ನೆಲದ ಕೆಳಗೇ ಹೂಳುತ್ತಿದ್ದರು. ಲಸಿಕೆಯೂ ಶುದ್ಧ ನೀರೂ ಇಲ್ಲದ ಕಾಲದಲ್ಲಿ ಹುಟ್ಟಿದ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ದೊಡ್ಡವರಾಗುತ್ತಿರಲಿಲ್ಲ. ಸಾವು ಅಷ್ಟು ಸಾಮಾನ್ಯವಾಗಿದ್ದರಿಂದ ತಂದೆತಾಯಿಗೆ ದುಃಖ ಕಡಿಮೆಯಿತ್ತೆಂದು ಕೆಲವರು ಬರೆಯುತ್ತಾರೆ. ಮಕ್ಕಳ ವಾರ್ಡಿನಲ್ಲಿ ರಾತ್ರಿ ಕೆಲಸ ಮಾಡಿದ ನಮಗೆ ಅದನ್ನು ಒಪ್ಪಲು ಆಗುವುದಿಲ್ಲ. ಮಡಕೆ ಹುಡುಕಿ, ಮಗುವನ್ನು ಅದರಲ್ಲಿ ಮಲಗಿಸಿ, ಒಲೆಯಿಂದ ದೂರ ಕಳಿಸದೆ ಹತ್ತಿರದಲ್ಲೇ ಇಟ್ಟುಕೊಂಡವರು ಮಗುವನ್ನು ಮರೆತವರಂತೆ ಕಾಣುವುದಿಲ್ಲ.

ಅದೇ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಪತ್ತೆ ಮಾಡಿದರು. ಅರಸನ ಮಾತು ಬಂಡೆಯ ಮೇಲಿದ್ದದ್ದರಿಂದ ಅದಕ್ಕೆ ರಕ್ಷಣೆ ಸಿಕ್ಕಿತು, ಪಠ್ಯಪುಸ್ತಕದಲ್ಲಿ ಜಾಗ ಸಿಕ್ಕಿತು. ಕೆಳಗಿನ ಮಣ್ಣಿನಲ್ಲಿದ್ದ ಮಡಕೆಗಳು ವೀಲರ್ ಬರುವ ತನಕ ಕಾಯಬೇಕಾಯಿತು.

ಹೇಳಬಾರದ ಮಾತು

ಸಂಗನಕಲ್ಲಿನವರು ಯಾವ ಭಾಷೆ ಆಡುತ್ತಿದ್ದರು? ಈ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಕಾಳು, ಎಲುಬು, ಚಕ್ಕೆಗಳು ಭಾಷೆ ಹೇಳುವುದಿಲ್ಲ. ಹಳೆಯ ದ್ರಾವಿಡ ನುಡಿಗಳಲ್ಲಿರುವ ಬೆಳೆಗಳ ಹೆಸರುಗಳನ್ನು ಈ ಕಾಳುಗಳ ಜೊತೆ ಹೊಂದಿಸಿ ನೋಡುವ ಪ್ರಯತ್ನವನ್ನು ವಿದ್ವಾಂಸರು ಮಾಡಿದ್ದಾರೆ. ಅದು ಊಹೆಯ ಹಂತದ ವಿಚಾರ. ಹಳ್ಳೂರಿನ ಪ್ರಾಣಿಗಳ ಎಲುಬುಗಳನ್ನು ಪರೀಕ್ಷಿಸಿದ ಪಶುವೈದ್ಯ ಡಾ. ಕೆ. ಆರ್. ಆಲೂರ ಅವರು ಅವುಗಳಲ್ಲಿ ಕುದುರೆಯದೂ ಇದೆ ಎಂದು 1971ರ ವರದಿಯಲ್ಲಿ ಬರೆದರು. ಒಡನೆಯೇ ಆರ್ಯರ ಪ್ರಶ್ನೆ ಎದ್ದು ವಾದ ಬೆಳೆಯಿತು. ಎಲುಬನ್ನು ಕೈಯಲ್ಲಿ ಹಿಡಿದು ನೋಡದವರೂ ಎರಡೂ ಕಡೆ ಸೇರಿಕೊಂಡರು. ಎಕ್ಸ್‌ರೇಯಲ್ಲಿ ಕಾಣುವುದನ್ನು ಬರೆಯುವುದು ಒಂದು ಕೆಲಸ, ಕಾಣಬೇಕೆಂದು ಆಸೆಪಟ್ಟದ್ದನ್ನು ಬರೆಯುವುದು ಇನ್ನೊಂದು. ನಮ್ಮ ಮಕ್ಕಳಿಗೆ ಕನ್ನಡ ಶಾಲೆಯಲ್ಲಿ ನಾಡಿನ ಚರಿತ್ರೆ ಹೇಳುವಾಗಲೂ ಈ ಭೇದ ನೆನಪಿರಲಿ. ಈ ದೇಶದಲ್ಲಿ ಬೆಳೆದ ಮಕ್ಕಳು 'ಹೇಗೆ ಗೊತ್ತು?' ಎಂದು ಕೇಳುತ್ತಾರೆ. ಸಂಗನಕಲ್ಲಿನ ವಿಷಯದಲ್ಲಿ ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರವಿದೆ. ಕಾಳು ತೋರಿಸಬಹುದು, ಕಲ್ಲು ತೋರಿಸಬಹುದು. ಅವರು ಇದ್ದದ್ದು ನಾವು ಹುಟ್ಟಿದ ನೆಲದಲ್ಲಿ, ಉಂಡದ್ದು ನಾವು ಉಣ್ಣುವ ಕಾಳನ್ನು. ಇಷ್ಟು ನಂಟು ಸಾಲದೆ?

ಉಳಿಯುವುದೆಷ್ಟು

ಈಗ ಮನಸ್ಸಿಗೆ ಹತ್ತಿರವಾದ ಮಾತು. ಹಂಪಿಯ ಕಂಬ ಮುರಿದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಬೂದಿಯ ದಿಬ್ಬವನ್ನು ಗೊಬ್ಬರಕ್ಕೆಂದು ಗಾಡಿಯಲ್ಲಿ ತುಂಬಿಕೊಂಡು ಹೋದರೆ ಯಾರಿಗೂ ತಿಳಿಯುವುದಿಲ್ಲ. ಸಂಗನಕಲ್ಲು-ಕಪ್ಪಗಲ್ಲು ಗುಡ್ಡಗಳನ್ನು ರಸ್ತೆಯ ಜೆಲ್ಲಿಗಾಗಿ ಒಡೆಯುತ್ತಿದ್ದಾರೆ, ಚಿತ್ರಗಳಿರುವ ಬಂಡೆಗಳಿಗೆ ಅಪಾಯವಿದೆ ಎಂದು ಬೊಯ್ವಿನ್ ಅವರು 2004ರಲ್ಲಿಯೇ ಎಚ್ಚರಿಸಿದ್ದರು.

ಕಲ್ಲು ಒಡೆಯುವವರನ್ನು ಬೈದು ಮುಗಿಸುವುದು ಸುಲಭ. ಆದರೆ ಆ ಜೆಲ್ಲಿ ಹೋಗುವುದು ರಸ್ತೆಗೆ, ಆಸ್ಪತ್ರೆಗೆ, ಊರಲ್ಲಿ ನಮ್ಮಂಥವರು ಅಪ್ಪ ಅಮ್ಮನಿಗೆಂದು ಕಟ್ಟಿಸುವ ಮನೆಗೆ. ಒಡೆಯುವವರು ದಿನಗೂಲಿಯವರು. ಗ್ರಾನೈಟಿನ ಧೂಳು ಕುಡಿದ ಶ್ವಾಸಕೋಶ ಕಲ್ಲುಗಟ್ಟುವುದನ್ನು ವೈದ್ಯರು ಸಿಲಿಕೋಸಿಸ್ ಎನ್ನುತ್ತಾರೆ. ಒಮ್ಮೆ ಬಂದರೆ ವಾಸಿಯಾಗದ ಕಾಯಿಲೆ. ಅಡುಗೆಮನೆಯ ಕಟ್ಟೆಗೆ ಬಳಸುವ ಕೃತಕ ಕಲ್ಲನ್ನು ಕೊಯ್ದ ಕಾರ್ಮಿಕರಿಗೆ ಇದೇ ಕಾಯಿಲೆ ಬಂದದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು. ಗುಡ್ಡವನ್ನು ಉಳಿಸುವ ಮಾತಾಡುವವರು ಗುಡ್ಡ ಒಡೆಯುವವನ ಎದೆಯ ಮಾತನ್ನೂ ಆಡಬೇಕು. ಅವನಿಗೆ ಬೇರೆ ಕೂಲಿ ಇಲ್ಲದೆ ಗುಡ್ಡ ಉಳಿಯುವುದಿಲ್ಲ. ಗುಡ್ಡ ನೋಡಲು ಬಂದವರಿಗೆ ದಾರಿ ತೋರಿಸಿ ನಾಲ್ಕು ಕಾಸು ಕಾಣುವ ಹಳ್ಳಿಯವನೇ ಅದರ ಒಳ್ಳೆಯ ಕಾವಲುಗಾರ.

ಈ ದೇಶದಿಂದ ಕಲಿಯುವ ಪಾಠವೂ ಇದೆ. ಮೌಂಟ್ ವಿಲಿಯಂ 2008ರ ಹೊತ್ತಿಗೆ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತ್ತು. 2012ರಲ್ಲಿ ಅದು ವುರುಂಜೆರಿ ಜನರ ಕೈಗೆ ಮರಳಿತು. ಇಲ್ಲಿಯ ಬ್ಲ್ಯಾಕ್‌ಟೌನ್ ನೇಟಿವ್ ಇನ್‌ಸ್ಟಿಟ್ಯೂಷನ್ನಿನ ಜಾಗದಲ್ಲಿ 1823ರಿಂದ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಯಿಂದ ದೂರವಿಟ್ಟು ಓದಿಸುತ್ತಿದ್ದರು. ಆ ನೆಲ 2018ರಲ್ಲಿ ದಾರುಗ್ ಜನರಿಗೆ ಮರಳಿತು. ಬಹಳ ತಡವಾಗಿ ಆದ ಕೆಲಸ, ಆದರೂ ಆಯಿತು.

ಮೂರು ಕೋರಿಕೆ

ಮಾತು ಮುಗಿಸುವ ಮೊದಲು ಸಂಘದ ಮುಂದೆ ಮೂರು ಕೋರಿಕೆ ಇಡುತ್ತೇವೆ.

ಒಂದು, ಊರಿಗೆ ಹೋದಾಗ ಹಂಪಿ ನೋಡುವವರು ಇನ್ನೊಂದು ದಿನ ಕೂಡಿಸಿಕೊಂಡು ಬಳ್ಳಾರಿಗೆ ಹೋಗಿ. ಕೋರಿಶೆಟ್ಟರ್ ಅವರ ಶ್ರಮದಿಂದ ಅಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನಲ್ಲಿ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ಆಗಿದೆ. ಮಕ್ಕಳಿಗೆ ಅದನ್ನು ತೋರಿಸಿ, ಆಮೇಲೆ ಗುಡ್ಡ ತೋರಿಸಿ. ನೋಡಲು ಜನ ಬರುವ ಜಾಗವನ್ನು ಒಡೆಯಲು ಯಾರಾದರೂ ಒಂದು ಸಲ ಯೋಚಿಸುತ್ತಾರೆ.

ಎರಡು, ನಮ್ಮ ವಾರಾಂತ್ಯದ ಕನ್ನಡ ಶಾಲೆಯಲ್ಲಿ ವರ್ಷಕ್ಕೊಂದು ದಿನವನ್ನು ಈ ವಿಷಯಕ್ಕೆ ಇಡೋಣ. ಮಕ್ಕಳ ಮುಂದೆ ಹುರುಳಿ, ಹೆಸರು, ಕೊರಲೆ, ರಾಗಿ, ತೊಗರಿ ಇಟ್ಟು ಇದರಲ್ಲಿ ಊರಿನವರು ಯಾರು, ನೆಂಟರು ಯಾರು ಎಂದು ಕೇಳೋಣ. ದಾರುಗ್ ಹಿರಿಯರನ್ನು ಕರೆದು ಪ್ಲಂಪ್ಟನ್ ಕಲ್ಲಿನ ಕಥೆ ಹೇಳಿಸೋಣ.

ಮೂರು, ಮಕ್ಕಳ ಮನೆಗೆಂದು ಊರಿಂದ ಬಂದು ಆರು ತಿಂಗಳು ಇಲ್ಲಿರುವ ತಂದೆತಾಯಂದಿರು ಈ ಸಭೆಯಲ್ಲೇ ಬಹಳ ಮಂದಿ ಇದ್ದಾರೆ. ಕೊರಲೆ ಹೇಗೆ ಬಿತ್ತುತ್ತಿದ್ದರು, ಹೊಟ್ಟು ಹೇಗೆ ಬಿಡಿಸುತ್ತಿದ್ದರು, ಕಾಳಿಗೆ ಹುಳ ಬಾರದಂತೆ ಬೂದಿ ಹೇಗೆ ಬೆರೆಸುತ್ತಿದ್ದರು, ಹುರುಳಿ ಕಟ್ಟು ಯಾವ ಹದಕ್ಕೆ ಇಳಿಸುತ್ತಿದ್ದರು, ಇದೆಲ್ಲ ಅವರಿಗೆ ಕೈಬಾಯಿ ಪಾಠ. ಕೊರಲೆಯನ್ನು ತುಮಕೂರು, ಚಿತ್ರದುರ್ಗದ ಕಡೆ ಕೆಲವು ರೈತರು ಇಂದಿಗೂ ಬೆಳೆಯುತ್ತಾರೆ, ಅದಕ್ಕೆ ಮತ್ತೆ ಗಿರಾಕಿಯೂ ಬಂದಿದೆ. ಅದನ್ನು ಬಲ್ಲ ಹಿರಿಯರ ಮಾತುಗಳನ್ನು ಫೋನಿನಲ್ಲಿಯೇ ಧ್ವನಿ ಮುದ್ರಿಸಿ ಸಂಘದ ಗ್ರಂಥಭಂಡಾರದಲ್ಲಿ ಇಡೋಣ. ಸಂಗನಕಲ್ಲಿನ ಹೆಂಗಸರಿಂದ ನಮಗೆ ಸುಟ್ಟ ಕಾಳು ಸಿಕ್ಕಿತು, ಅವರ ಮಾತು ಸಿಗಲಿಲ್ಲ. ನಮ್ಮ ಹಿರಿಯರ ಮಾತು ಇನ್ನೂ ಸಿಗುತ್ತದೆ, ಇವತ್ತು ಕೇಳಿದರೆ.

ಊಟದ ಹೊತ್ತಾಯಿತು. ಅಡುಗೆಯವರನ್ನು ವಿಚಾರಿಸಿದೆವು, ಇವತ್ತಿನ ಎಲೆಗೆ ಹೆಸರುಬೇಳೆ ಕೋಸಂಬರಿ ಇದೆಯಂತೆ. ಸಣ್ಣರಾಚಮ್ಮನ ಗುಡ್ಡದ ಮೇಲಿನವರು ಉಂಡದ್ದೂ ಇದೇ ಕಾಳು. ಸಂಘ ಇನ್ನೂ ನೂರು ವರ್ಷ ಬಾಳಲಿ.